ಗರಗಸದ ಮುಂದೆ ವರ ನೋಡಿದ್ದು

ಬೀದರದಲ್ಲಿ ನನ್ನ ಕಾರಖಾನೆಗೆ ಬರುವ ಗಿರಾಕಿಗಳು ಮೊದಲ ದಿನವೇ ನನ್ನನ್ನು ಬೈದುಕೊಂಡು ಹೋಗುತ್ತಾರೆ. ಮಷೀನು ತಿರುಗುತ್ತಿರುವಾಗ ಬಾಗಿಲಲ್ಲಿ ನಿಂತು "ಅಕ್ಕಾರ, ನಮ್ಮ ಚೌಕಟ್ಟ ಆಯ್ತೇನ್ರಿ?" ಎಂದು ಕೂಗಿದರೆ ನಾನು ಓ ಎನ್ನುವುದಿಲ್ಲ, ಕತ್ತು ಕೂಡ ಆಡಿಸುವುದಿಲ್ಲ. ಮರವನ್ನು ಪೂರ್ತಿ ಸೀಳಿ, ಮಷೀನು ಬಂದ್ ಮಾಡಿ, ಬ್ಲೇಡು ನಿಂತ ಮೇಲೆ ಬಾಗಿಲಿಗೆ ಹೋಗಿ, ಹತ್ತಿರ ನಿಂತು ಬೈಯುತ್ತೇನೆ. "ಹಿಂದಿಂದ ಕರೀತೀರಲ್ಲ, ನನ್ನ ಕೈ ನಿಮ್ಮಪ್ಪನ ಮನಿ ಆಸ್ತಿ ಏನ್ರಿ?" ಎನ್ನುತ್ತೇನೆ. ಸೊಕ್ಕಿನ ಹೆಣ್ಣು, ಬಾಯಿಬಡಕಿ, ಗಂಡುಬೀರಿ ಎಂದು ಓಣಿಯಲ್ಲಿ ಹೆಸರಿದೆ. ಇರಲಿ. ಹೆಸರಿನಿಂದ ಯಾರ ಬೆರಳೂ ಹೋಗುವುದಿಲ್ಲ.

ಈ ಗುಣ ನನಗೆ ಅಪ್ಪನಿಂದ ಬಂದದ್ದು. ಔರಾದದಲ್ಲಿ ನಮ್ಮದು ಬಡಿಗೇರ ಮನೆ. ಮನೆಯ ಹಿಂದೆಯೇ ತಗಡಿನ ಪತ್ರಾಸಿನ ಶೆಡ್ಡು, ಶೆಡ್ಡಿನ ನಡುವೆ ಕಟರ್ ಮಷೀನು. ಕಬ್ಬಿಣದ ಮೇಜು, ಮೇಜಿನ ಸೀಳಿನಿಂದ ಮೇಲೆದ್ದ ದುಂಡು ಗರಗಸದ ಬ್ಲೇಡು, ಕೆಳಗೆ ಮೋಟಾರು. ಹಲಗೆಯನ್ನು ಮೇಜಿನ ಮೇಲೆ ಮಲಗಿಸಿ, ಬದಿಯ ಪಟ್ಟಿಗೆ ಒತ್ತಿ ಹಿಡಿದು, ಮುಂದಕ್ಕೆ ತಳ್ಳುತ್ತ ಹೋದರೆ ಎರಡು ಹೋಳು. ಸಾಗವಾನಿಯೋ ಬೇವೋ ಬೆರಳೋ, ಅದಕ್ಕೆ ಎಲ್ಲವೂ ಒಂದೇ. ಅಪ್ಪನ ಬಲಗೈಯ ಕೊನೆಯ ಎರಡು ಬೆರಳು ಅದರಲ್ಲೇ ಹೋಗಿದ್ದವು. ನಾನು ಹುಟ್ಟುವ ಮುಂಚಿನ ಮಾತು. ಅಜ್ಜ ಹಿಂದಿನಿಂದ "ಊಟಕ್ಕ ಬಾರೋ" ಎಂದು ಕರೆದನಂತೆ, ಅಪ್ಪ "ಓ, ಬಂದೆ" ಎಂದು ತಿರುಗಿದನಂತೆ. ಆವತ್ತು ಅವನು ಊಟಕ್ಕೆ ಹೋಗಲಿಲ್ಲ.

ಅವ್ವ ನಾನು ಸಾಲಿಯಲ್ಲಿದ್ದಾಗಲೇ ತೀರಿಕೊಂಡಳು. ಗಂಡು ಮಕ್ಕಳಿಲ್ಲ. ಅಪ್ಪ ನನ್ನನ್ನೇ ಮಷೀನಿಗೆ ಹಚ್ಚಿದ. ಹಚ್ಚುವ ಮೊದಲು ಬಳೆ ಬಿಚ್ಚಿಸಿದ, ಓಢಣಿಯನ್ನು ಗೂಟಕ್ಕೆ ಹಾಕಿಸಿದ, ಜಡೆಯನ್ನು ಸುತ್ತಿ ಗಂಟು ಹಾಕಿ ಮೇಲೆ ರುಮಾಲು ಕಟ್ಟಿಸಿದ. ನೋಡಿದ ಹೆಂಗಸರು "ಅಯ್ಯ, ಮದುವಿ ಆಗೂಕಿಂತ ಮೊದಲೇ ಬಳಿ ತಗಸ್ಯಾನಲ್ಲವಾ ಇಂವ" ಎಂದು ಬಾಯಿಗೆ ಕೈ ಇಟ್ಟುಕೊಂಡರು. "ಬಳಿ ಬ್ಲೇಡಿಗೆ ಸಿಕ್ಕ್ರ ಕೈನೂ ಸಿಗ್ತದ. ಆಮ್ಯಾಲ ಬಳಿ ಎಲ್ಲಿ ಇಡಸ್ತೀರಿ?" ಎಂದು ಅಪ್ಪ ಅವರನ್ನು ಓಡಿಸಿದ. ಕೈಗವಸನ್ನೂ ಮುಟ್ಟಗೊಡಲಿಲ್ಲ. ಬಟ್ಟೆಯ ಒಂದು ಎಳೆ ಸಿಕ್ಕರೂ ಬ್ಲೇಡು ಅದನ್ನೇ ಹಿಡಿದು ಇಡೀ ಕೈಯನ್ನು ಒಳಗೆಳೆಯುತ್ತದೆ.

ಕಲಿಸಿದ್ದನ್ನು ಈಗಲೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಬ್ಲೇಡು ಹಲಗೆಗಿಂತ ಒಂದು ಹಲ್ಲಿನಷ್ಟು ಮಾತ್ರ ಮೇಲೆ ಕಾಣಬೇಕು. ಅದರ ಮೇಲಿನ ಮುಚ್ಚಳ, ನಾವು ಗಾರ್ಡ್ ಅನ್ನುವುದು, ಯಾವತ್ತೂ ತೆಗೆಯಬಾರದು. ಹಲಗೆಯ ನೇರಕ್ಕೆ ನಿಲ್ಲಬಾರದು, ಪಕ್ಕಕ್ಕೆ ನಿಲ್ಲಬೇಕು, ಯಾಕೆಂದರೆ ಮರ ಸಿಟ್ಟಿಗೆದ್ದರೆ ಕತ್ತೆಯ ಹಾಗೆ ಹಿಂದಕ್ಕೆ ಒದೆಯುತ್ತದೆ. ಕೊನೆಯ ಗೇಣು ಉಳಿದಾಗ ಕೈಯಿಂದ ತಳ್ಳಬಾರದು, ತಳ್ಳುವ ಕೋಲಿನಿಂದ ತಳ್ಳಬೇಕು. ಬ್ಲೇಡಿನ ಆಚೆ ಬಿದ್ದ ತುಂಡನ್ನು ಕೈ ಚಾಚಿ ತೆಗೆಯಬಾರದು. ಇದೆಲ್ಲ ಯಾವ ಉಸ್ತಾದನಾದರೂ ಹೇಳುತ್ತಾನೆ. ಅಪ್ಪನ ಖಾಸಾ ಪಾಠ ಬೇರೆಯೇ ಇತ್ತು.

ನಾನು ಹಲಗೆ ತಳ್ಳುತ್ತಿರುವಾಗ ಅವನು ಹಿಂದೆ ನಿಂತು ಕರೆಯುತ್ತಿದ್ದ. "ಏ ಹುಡುಗಿ!" ತಿರುಗಿದರೆ ಕುತ್ತಿಗೆಯ ಹಿಂದೆ ರಪ್ಪನೆ ಮರದ ಪಟ್ಟಿಯ ಏಟು. ಕತ್ತು ಅರ್ಧ ತಿರುಗಿದರೂ ಏಟು. "ಹಾವು!" ಎನ್ನುತ್ತಿದ್ದ. ತಗಡಿನ ಡಬ್ಬಿಯನ್ನು ಫರಶಿಯ ನೆಲದ ಮೇಲೆ ಎಸೆಯುತ್ತಿದ್ದ. ಕಲಿಸುವಾಗ ಬ್ಲೇಡು ಇಳಿಸಿ, ಮೋಟಾರು ಮಾತ್ರ ಓಡಿಸುತ್ತಿದ್ದ, ಅಷ್ಟು ದಯೆ ಇತ್ತು. ಏಟಿನಲ್ಲಿ ಮಾತ್ರ ದಯೆ ಇರಲಿಲ್ಲ. ಒಮ್ಮೆ ಮೆಲ್ಲಗೆ, ಬಹಳ ಪ್ರೀತಿಯಿಂದ, "ನಿಮ್ಮವ್ವ ಬಂದಾಳ ನೋಡವಾ" ಎಂದ. ಅವ್ವ ಸತ್ತು ವರ್ಷವೂ ಆಗಿರಲಿಲ್ಲ. ನಾನು ತಿರುಗಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಏಟು ಬಿತ್ತು. "ಸತ್ತವರು ಬರ್ತಾರೇನ? ಬಂದ್ರೂ ಬ್ಲೇಡ್ ನಿಂದರೂತನಕ ಕಾಯ್ತಾರ" ಎಂದ. ಆವತ್ತಿನಿಂದ ನಾನು ಮಷೀನಿನ ಮುಂದೆ ತಿರುಗುವುದನ್ನು ಬಿಟ್ಟೆ. ಅವನನ್ನು ಪ್ರೀತಿಸುವುದನ್ನೂ ಅಷ್ಟಿಷ್ಟು ಬಿಟ್ಟೆ.

ನನ್ನ ಮದುವೆಯ ಮಾತು ಬಂದಾಗ ನನ್ನ ಕೈಗಳೇ ಅಡ್ಡ ಬಂದವು. ಬೆರಳು ಹತ್ತೂ ಇದ್ದವು, ಆದರೆ ಅಂಗೈ ತುಂಬ ಗಂಟು, ಉಗುರಿನಲ್ಲಿ ಮರ ಅಂಟಿಸುವ ಸರೇಸಿನ ಕಲೆ. ನೋಡಲು ಬಂದವರು ಚಹಾದ ಕಪ್ಪು ತೆಗೆದುಕೊಳ್ಳುವಾಗ ನನ್ನ ಮುಖಕ್ಕಿಂತ ಕೈಯನ್ನೇ ನೋಡುತ್ತಿದ್ದರು. ಒಬ್ಬ ಮುದುಕಿಯಂತೂ ಕೈ ಹಿಡಿದು ತಿರುವಿ ನೋಡಿ "ಇದು ಹೆಣ್ಣಿನ ಕೈ ಅಲ್ಲ ಬಿಡ್ರಿ, ಹಮಾಲರ ಕೈ" ಎಂದು ನಮ್ಮ ಮನೆಯ ಉಪ್ಪಿಟ್ಟು ತಿನ್ನುತ್ತಲೇ ಹೇಳಿದಳು. ಆಕೆಯ ತಟ್ಟೆ ಕಸಿದುಕೊಳ್ಳಬೇಕೆನಿಸಿತ್ತು ನನಗೆ.

ಆಮೇಲೆ ಭಾಲ್ಕಿಯವನು ಬಂದ. ತಂದೆ ಇಲ್ಲದ ಹುಡುಗ, ತಾಯಿಯ ಜೊತೆ ಬಂದಿದ್ದ. ಭಾಲ್ಕಿಯ ಸ್ಟೇಷನ್ ಕಡೆ ಸ್ವಂತ ಕಾರಖಾನೆ, ಬಾಗಿಲು ಕಿಟಕಿ ಮಂಚ ಮಾಡುವವನು. ಚಹಾ ಕೊಡುವಾಗ ಅವನೂ ನನ್ನ ಕೈಯನ್ನೇ ನೋಡಿದ. ನನಗೆ ರೇಗಿತು. "ಏನ್ ನೋಡ್ತೀರಿ?" ಎಂದು ಕೇಳಿಯೇ ಬಿಟ್ಟೆ. ಅವನ ತಾಯಿ ಗಾಬರಿಯಾದಳು. ಅವನು ನಕ್ಕು, ಕಪ್ಪು ಕೆಳಗಿಟ್ಟು, ತನ್ನ ಎರಡೂ ಅಂಗೈ ಬಿಚ್ಚಿ ತೋರಿಸಿದ.

"ನಮ್ಮವಕ್ಕಿಂತ ನಿಮ್ಮ ಕೈಯಾಗೇ ಗಂಟ ಜಾಸ್ತಿ ಆವರಿ. ನಾಚಿಗಿ ಬಂತು ನನಗ" ಎಂದ.

ಮುಚ್ಚಿಟ್ಟು ಏನು ಮಾಡಲಿ, ಆ ಕ್ಷಣವೇ ಅವನು ಬೇಕು ಅನ್ನಿಸಿತು ನನಗೆ. ಅವನ ಕೈ ದೊಡ್ಡವು, ಹತ್ತೂ ಬೆರಳು ನೆಟ್ಟಗೆ, ಒಂದು ಉಗುರು ಮಾತ್ರ ಕಪ್ಪಾಗಿತ್ತು. ಅವರು ಹೋದ ಮೇಲೆ ರೊಟ್ಟಿ ಬಡಿಯುತ್ತ ಒಬ್ಬಳೇ ನಕ್ಕೆ. ಇವನು ಸಿಗದಿದ್ದರೆ ಇನ್ನು ಯಾರೂ ಬೇಡ ಎಂದು ದೇವರಿಗೆ ಹೇಳಿಕೊಂಡೆ. ದೇವರಿಗೆ ಹೇಳಿದರೆ ಆಗಲಿಲ್ಲ, ಅಪ್ಪ ಒಪ್ಪಬೇಕಿತ್ತು.

ನಮ್ಮ ಕಡೆ ಹುಡುಗ ಒಪ್ಪಿದ ಮೇಲೆ ಹೆಣ್ಣಿನವರು ಅವರ ಮನೆ ನೋಡಲು ಹೋಗುತ್ತಾರೆ. ಹಿರಿಯರು ಹೋಗಿ ಅಡಿಗೆಮನೆ, ನೀರು, ಹೊಲ ಎಲ್ಲ ನೋಡಿ, ಉಂಡು, ಎಲಿ ಅಡಿಕೆ ಹಾಕಿಕೊಂಡು ಬರುವ ರೂಢಿ. ಹುಡುಗಿಯನ್ನು ಯಾರೂ ಒಯ್ಯುವುದಿಲ್ಲ. ಅಪ್ಪ ಹಿರಿಯರನ್ನೆಲ್ಲ ಬಿಟ್ಟು ನನ್ನನ್ನು ಕರೆದ.

"ನೀ ನಡಿ. ಮಷೀನ್ ನೀ ನೋಡು, ಹುಡುಗನ್ನ ನಾ ನೋಡ್ತೇನಿ."

"ಮಂದಿ ನಗ್ತಾರಪ್ಪಾ" ಎಂದೆ.

"ನಗಲಿ. ಮನಿ ಬಿದ್ರ ಕಟ್ಟಸ್ತಾರ. ನಾ ನೋಡೂದು ಬ್ಯಾರೆ ಅದ."

ಭಾಲ್ಕಿಯ ಬಸ್ಸು ಹತ್ತಿದೆವು. ನಾನು ಹಸಿರು ಸೀರೆ ಉಟ್ಟು, ಕೈ ತುಂಬ ಬಳೆ ಹಾಕಿಕೊಂಡಿದ್ದೆ. ಹುಡುಗನ ಮನೆಯ ಮಷೀನಿನ ಸದ್ದು ಹೇಗಿರಬಹುದು ಎಂದು ಯೋಚಿಸುತ್ತಿದ್ದೆ. ಉಳಿದ ಹುಡುಗಿಯರು ಏನು ಯೋಚಿಸುತ್ತಾರೋ ನನಗೆ ಗೊತ್ತಿಲ್ಲ.

ಅವನ ತಾಯಿ ನನ್ನನ್ನು ನೋಡಿ ಮೊದಲು ಬೆಚ್ಚಿದಳು, ಆಮೇಲೆ ಒಳಗೆ ಕರೆದು ಕುಂಕುಮ ಹಚ್ಚಿದಳು. ಹೋಳಿಗೆಯ ವಾಸನೆ ಬರುತ್ತಿತ್ತು. ಅಪ್ಪ ಮನೆಯ ಒಳಗೆ ಕಾಲಿಡಲಿಲ್ಲ. ನೀರು ಕೊಟ್ಟರೆ ಅಂಗಳದಲ್ಲೇ ಕುಡಿದು, "ತಮ್ಮಾ, ಕಾರಖಾನಿ ತೋರಸು" ಎಂದ.

ಕಾರಖಾನೆ ಚೊಕ್ಕಟವಾಗಿತ್ತು. ಮರದ ಹೊಟ್ಟು ಗುಡಿಸಿ ಚೀಲಕ್ಕೆ ತುಂಬಿದ್ದ. ಮಷೀನು ನಮ್ಮದಕ್ಕಿಂತ ಹೊಸದು. ಆದರೆ ನನ್ನ ಕಣ್ಣು ನೇರ ಬ್ಲೇಡಿಗೆ ಹೋಯಿತು. ಬ್ಲೇಡು ಬತ್ತಲೆ. ಗಾರ್ಡು ಗೋಡೆಯ ಮೊಳೆಗೆ ತೂಗುತ್ತಿತ್ತು. ದಸರೆಯ ಖಂಡೇಪೂಜೆಗೆ ಬ್ಲೇಡಿಗೆ ಕುಂಕುಮ ಹಚ್ಚಲು ಅದನ್ನು ಬಿಚ್ಚಿದ್ದಾರೆ, ಮತ್ತೆ ಹಾಕಿಲ್ಲ. ಬ್ಲೇಡಿನ ಪಕ್ಕದ ಮೇಜಿನ ಮೇಲೆ ಕುಂಕುಮ ಇನ್ನೂ ಒಣಗಿ ಅಂಟಿಕೊಂಡಿತ್ತು. ನಮ್ಮ ಮಂದಿಯೇ ಹೀಗೆ. ಆಯುಧಕ್ಕೆ ಕೈ ಮುಗಿಯುತ್ತಾರೆ, ಅದರಿಂದ ಕೈ ಉಳಿಸಿಕೊಳ್ಳುವುದನ್ನು ಮಾತ್ರ ಮರೆಯುತ್ತಾರೆ.

"ಒಂದು ಹಲಗಿ ಸೀಳಿ ತೋರಸು ನೋಡೋಣು" ಎಂದ ಅಪ್ಪ.

ಅವನು ಖುಷಿಯಿಂದ ಅಂಗಿಯ ತೋಳು ಮಡಚಿ ಒಂದು ಬೇವಿನ ಹಲಗೆ ತೆಗೆದುಕೊಂಡ. ಮಾವನಾಗುವವನ ಮುಂದೆ ಕೆಲಸ ತೋರಿಸುವ ಹುರುಪು. ಅಪ್ಪ ಸುಮ್ಮನೆ ನಡೆದು ಹೋಗಿ ಅವನ ಬೆನ್ನ ಹಿಂದೆ ನಿಂತದ್ದನ್ನು ನೋಡಿದೆ. ಆ ನಿಲುವು ನನ್ನ ಕುತ್ತಿಗೆಗೆ ಗೊತ್ತಿತ್ತು.

"ಗಾರ್ಡ್ ಹಾಕ್ಕೋರಿ" ಎಂದೆ ನಾನು, ಎಲ್ಲರಿಗೂ ಕೇಳುವ ಹಾಗೆ.

ಅವನು ಕೆಂಪಗಾಗಿ ನಕ್ಕ. "ನನ್ನ ಕೈಗೆ ರೂಢಿ ಅದರಿ."

"ಅಪ್ಪಾ, ಗಾರ್ಡ್ ಹಾಕಸ್ರಿ. ಇಲ್ಲಂದ್ರ ಬ್ಯಾಡ."

"ನೀ ಸುಮ್ನ ನಿಂದರು" ಎಂದ ಅಪ್ಪ.

ಮಷೀನು ಎದ್ದಿತು. ಹುಡುಗ ಒಳ್ಳೆಯ ಕೆಲಸಗಾರ, ಅದನ್ನು ಅಲ್ಲಗಳೆಯುವುದಿಲ್ಲ. ಪಕ್ಕಕ್ಕೆ ನಿಂತಿದ್ದ, ಹಲಗೆ ಪಟ್ಟಿಗೆ ಅಂಟಿಕೊಂಡು ಸಾಗಿತ್ತು, ಗೆರೆ ನೆಟ್ಟಗಿತ್ತು. ಕೊನೆಯ ಗೇಣು ಬಂತು. ತಳ್ಳುವ ಕೋಲು ಮೇಜಿನ ಮೇಲೇ ಇತ್ತು, ತೆಗೆದುಕೊಳ್ಳಲಿಲ್ಲ. ಬಲಗೈಯಿಂದಲೇ ತಳ್ಳಿದ.

"ಅಳಿಯಂದ್ರ!" ಎಂದು ಅಪ್ಪ ಕರೆದ.

ಇನ್ನೂ ಒಪ್ಪಿಗೆ ಕೊಡದವನು ಅಳಿಯ ಎಂದು ಕರೆದ. ಆ ಮಾತಿಗೆ ಯಾವ ಹುಡುಗ ತಿರುಗುವುದಿಲ್ಲ ಹೇಳಿ? ಹಿರಿಯರು ಕರೆದರೆ ಓ ಎನ್ನಬೇಕು ಎಂದು ಎದೆಹಾಲಿನ ಜೊತೆ ಕುಡಿಸಿದ ಮಕ್ಕಳು ನಾವು. ಅವನ ಮುಖವೆಲ್ಲ ಅರಳಿತು. "ಓ ರೀ, ಮಾವಾರ" ಎಂದು ಇಡೀ ಮೈಯಿಂದ ತಿರುಗಿದ. ಕೈ ತಾನು ಹೊರಟ ದಾರಿಯಲ್ಲೇ ಮುಂದೆ ಹೋಯಿತು.

ಮಷೀನಿನ ಸದ್ದು ಒಂದು ಗಳಿಗೆ ಬದಲಾಗಿ ಮತ್ತೆ ಮೊದಲಿನಂತಾಯಿತು. ಅಷ್ಟೇ. ಅವನು ಕೂಗಲೂ ಇಲ್ಲ. ಮುಖದ ಮೇಲೆ ಆ ನಗು ಹಾಗೇ ನಿಂತಿತ್ತು, ಅದನ್ನು ತೆಗೆಯುವುದನ್ನು ಮರೆತವನಂತೆ. ಆಮೇಲೆ ಕೈ ನೋಡಿಕೊಂಡ. ನಾನು ಓಡಿ ಹೋಗಿ ಮಷೀನು ಬಂದ್ ಮಾಡಿ, ಸೆರಗು ಹರಿದು ಅವನ ಕೈಗೆ ಸುತ್ತಿದೆ. ಹಸಿರು ಸೀರೆ ಕಪ್ಪಾಯಿತು. ಅವನ ತಾಯಿ ಒಳಗಿಂದ ಬಂದಳು, ಹಿಟ್ಟಿನ ಕೈ ಎತ್ತಿಕೊಂಡು "ಯವ್ವಾ ಯವ್ವಾ" ಎನ್ನುತ್ತ ಅಲ್ಲೇ ಕುಸಿದಳು.

ಅಪ್ಪ ಹೊಟ್ಟಿನಲ್ಲಿ ಕೂತು ಹುಡುಕುತ್ತಿದ್ದ. ತನ್ನ ಮೂರು ಬೆರಳಿನ ಕೈಯಿಂದ ಹೊಟ್ಟು ಸರಿಸಿ ಸರಿಸಿ, ಎರಡು ಬೆರಳನ್ನು ಹೆಕ್ಕಿ, ಊದಿ, ಕರವಸ್ತ್ರದಲ್ಲಿ ಕಟ್ಟಿ, ಅವು ಕೆಡದಂತೆ ಇಡಲು ಸೋಡಾ ಅಂಗಡಿಯಿಂದ ಬರ್ಫು ತರಿಸಿದ. ನನಗೆ ಆ ಹೊತ್ತಿನಲ್ಲಿ ಅವನ ಕುತ್ತಿಗೆ ಹಿಚುಕಬೇಕು ಅನ್ನಿಸಿತು. ಖರೇ ಹೇಳುತ್ತೇನೆ, ಹಿಚುಕಬೇಕು ಅಂತಲೇ ಅನ್ನಿಸಿತು.

ಭಾಲ್ಕಿಯಿಂದ ಬೀದರಕ್ಕೆ ಜೀಪಿನಲ್ಲಿ ಒಯ್ದೆವು. ದವಾಖಾನೆಯ ವರಾಂಡದಲ್ಲಿ ಕೂತಿದ್ದಾಗ ಡಾಕ್ಟರು ಹೊರಗೆ ಬಂದು ಬೆರಳು ಕೂಡಿಸುವಂತಿಲ್ಲ, ಮಾಂಸ ಜಜ್ಜಿಹೋಗಿದೆ, ಗಾಯ ಹೊಲಿದಿದ್ದೇವೆ ಎಂದು ಹೇಳಿ ಹೋದರು. ಹುಡುಗನ ತಾಯಿ ಗೋಡೆಗೆ ತಲೆ ಆನಿಸಿದ್ದಳು. ಅಪ್ಪ ಎದ್ದು ನಿಂತು, ಆಕೆಯ ಮುಂದೆ ಕೈ ಮುಗಿದು ಹೇಳಿದ:

"ಅಕ್ಕಾರ, ಈ ಸಂಬಂಧ ಬ್ಯಾಡ್ರಿ. ಹುಡುಗ ತಿರುಗ್ಯಾನ."

ಆಕೆಗೆ ಅರ್ಥವೇ ಆಗಲಿಲ್ಲ. ನನ್ನ ಮುಖ ನೋಡಿದಳು.

"ಕರದವರು ನೀವಲ್ಲೇನಪ್ಪಾ?" ಎಂದು ನಾನು ವರಾಂಡ ಹಾರಿಹೋಗುವಂತೆ ಕೂಗಿದೆ. "ನೀವು ಕರದ್ರಿ, ಅಂವ ಮರ್ಯಾದಿ ಕೊಟ್ಟ. ಮರ್ಯಾದಿ ಕೊಟ್ಟಿದ್ದಕ್ಕ ಬೆರಳ ತಗೊಂಡ್ರಲ್ಲ!"

"ನಾ ಇವತ್ತ ಕರದೆ. ನಾಳಿ ನೀ ಕರೀತಿದ್ದಿ, ಚಹಾಕ್ಕ. ನಾಡದ ನಿನ್ನ ಕೂಸು ಕರೀತಿತ್ತು. ಯಾರರೇ ಕರದೇ ಕರೀತಿದ್ರು" ಎಂದ ಅಪ್ಪ, ಸಿಟ್ಟಿಲ್ಲದೆ. "ನಿಮ್ಮವ್ವ ನನ್ನ ಈ ಕೈಯಿಂದ ತುತ್ತು ತಿನ್ಲಿಲ್ಲ. ಹೇಸಿಗಿ ಬರ್ತದ ಅಂತಿದ್ದಳು. ನಿನಗ ಅಂಥ ಕೈ ಕೊಡೂದಿಲ್ಲ ನಾ."

ಈ ಮಾತು ಅವನು ಜನ್ಮದಲ್ಲಿ ಮೊದಲ ಸಲ ಹೇಳಿದ್ದ. ಮರುಕ ಬರಬೇಕಿತ್ತು. ಬರಲಿಲ್ಲ. ತಾನು ಪಟ್ಟ ಹೇಸಿಗೆಯನ್ನು ಇನ್ನೊಬ್ಬರ ಮಗನಿಗೆ ದಾಟಿಸಿ, ಮೇಲಿಂದ ಮಗಳನ್ನು ಉಳಿಸಿದೆ ಎನ್ನುವ ಮನುಷ್ಯನಿಗೆ ಯಾವ ಮರುಕ?

ಔರಾದಕ್ಕೆ ಮರಳಿದ ಮೇಲೆ ನಾನು ಅಪ್ಪನ ಜೊತೆ ಮಾತು ಬಿಟ್ಟೆ. ರೊಟ್ಟಿ ಮಾಡಿ ಮುಚ್ಚಿಡುತ್ತಿದ್ದೆ, ಬಡಿಸುತ್ತಿರಲಿಲ್ಲ. ಮಷೀನು ಮುಟ್ಟಲಿಲ್ಲ. ಅಪ್ಪನ ಭುಜ ಹಿಡಿದುಕೊಂಡಿತ್ತು, ಒಬ್ಬನಿಗೇ ದೊಡ್ಡ ಹಲಗೆ ಎತ್ತಲು ಆಗುತ್ತಿರಲಿಲ್ಲ. ಗಿರಾಕಿಗಳು ಬಂದು ಬೈದು ಹೋಗುವುದನ್ನು ಹಿತ್ತಲಲ್ಲಿ ಕೂತು ಕೇಳುತ್ತಿದ್ದೆ, ಕೇಳಿ ಸುಖಪಡುತ್ತಿದ್ದೆ. ಮಳೆಗಾಲ ಹೀಗೇ ಹೋಯಿತು. ಒಂದು ಬೆಳಗ್ಗೆ ಅಪ್ಪ ತಾನೇ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅದೇ ಹುಡುಗ ಬೇಕೇನ?"

"ಹೌದು."

"ಬೆರಳಿಲ್ಲದಂವ?"

"ಇದ್ದಾಗ ಒಪ್ಪಿದ್ದೆ. ತಗದವರು ನೀವು. ನಾ ಯಾಕ ಬಿಡಲಿ?"

ಅಪ್ಪ ಎದ್ದು ಭಾಲ್ಕಿಗೆ ಫೋನ್ ಹಚ್ಚಿದ. ಆಚೆ ಕಡೆ ಹುಡುಗನೇ ಮಾತಾಡಿದ. ಬರ್ರಿ, ಒಂದು ಮಾತು ಅದ, ಮುಖಾಮುಖಿ ಹೇಳ್ತೇನಿ ಎಂದನಂತೆ. ಅಪ್ಪ ಅದನ್ನು ನನಗೆ ಹೇಳಿದಾಗ ನನಗೆ ಬರೀ ಬರ್ರಿ ಎಂಬುದಷ್ಟೇ ಕೇಳಿಸಿತು. ಓಡಿ ಹೋಗಿ ಪೆಟ್ಟಿಗೆಯಿಂದ ಸೀರೆ ತೆಗೆದೆ. ಹುಚ್ಚಿ ನಾನು.

ಭಾಲ್ಕಿಯಲ್ಲಿ ಅವನು ನಮ್ಮನ್ನು ಮನೆಯೊಳಗೆ ಕರೆಯಲಿಲ್ಲ, ನೇರ ಕಾರಖಾನೆಗೆ ಕರೆದುಕೊಂಡು ಹೋದ. ತೆಳ್ಳಗಾಗಿದ್ದ. ಬಲಗೈಯನ್ನು ಕಿಸೆಯಲ್ಲೇ ಇಟ್ಟುಕೊಂಡಿದ್ದ. ನಾನು ಅವನ ಕಣ್ಣು ಹುಡುಕಿದೆ. ಅವನು ಅಪ್ಪನನ್ನು ಬಿಟ್ಟು ಯಾರನ್ನೂ ನೋಡುತ್ತಿರಲಿಲ್ಲ. ತಾಯಿ ಒಂದು ತಾಟಿನಲ್ಲಿ ಸಕ್ಕರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಾತು ಕೂಡಿದರೆ ಬಾಯಿ ಸಿಹಿ ಮಾಡಬೇಕೆಂದು ಆಕೆಯ ಆಸೆ.

"ಮದುವಿ ಆಗ್ತೇನ್ರಿ" ಎಂದ ಅವನು. "ಒಂದು ಶರ್ತ ಅದ. ನೀವು ಈ ಮಷೀನಿನ ಮುಂದ ನಿಂದರ್ರಿ. ಒಂದು ಹಲಗಿ ಸೀಳ್ರಿ. ಹಿಂದಿಂದ ನಾ ಕರೀತೇನಿ. ತಿರುಗಲಿಲ್ಲಂದ್ರ ನಿಮ್ಮ ಮಗಳ ಕೊರಳಿಗೆ ತಾಳಿ ಕಟ್ಟತೇನಿ."

"ತಿರುಗಿದ್ರ?" ಎಂದ ಅಪ್ಪ.

"ತಿರುಗಿದ್ರ ಲೆಕ್ಕ ಸರಿ ಆಗ್ತದ."

"ಗಾರ್ಡ್ ಎಲ್ಲದ?" ಎಂದೆ ನಾನು. ಬ್ಲೇಡಿನ ಮೇಲೂ ಇರಲಿಲ್ಲ, ಗೋಡೆಯ ಮೊಳೆಗೂ ಇರಲಿಲ್ಲ.

"ಅವತ್ತ ನನಗೂ ಇರಲಿಲ್ಲಲ್ಲ" ಎಂದ ಅವನು, ಮೊದಲ ಸಲ ನನ್ನ ಕಡೆ ತಿರುಗಿ.

"ಅವತ್ತ ಹಾಕ್ಕೋರಿ ಅಂತ ನಾನೇ ಬಡಕೊಂಡೆ. ಹಾಕ್ಕೊಳ್ಳಲಿಲ್ಲ ನೀವು."

ಅಪ್ಪ ನಕ್ಕ. ಅಂಗಿಯ ತೋಳು ಮಡಚಿ, ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟು, "ಇಷ್ಟೇನಾ?" ಎಂದ. ಬೇಡ ಅಪ್ಪಾ ಎಂದು ತೋಳು ಹಿಡಿದೆ. ಕೊಡವಿಕೊಂಡ. ಮುದುಕನಿಗೆ ಪರೀಕ್ಷೆ ಕೊಡುವ ಉಮೇದು ಬಂದಿತ್ತು. ಇನ್ನೊಬ್ಬನಿಗೆ ಬರೆ ಎಳೆಯುವ ಉಮೇದು. ಇಬ್ಬರ ಕಣ್ಣಲ್ಲೂ ಒಂದೇ ಬೆಂಕಿ, ಎರಡು ಕೋಳಿ ಕಾದಾಟಕ್ಕೆ ನಿಂತ ಹಾಗೆ. ನಾನು ಅಲ್ಲಿ ಇದ್ದೆನೋ ಇಲ್ಲವೋ ಅವರಿಗೆ ನೆನಪಿರಲಿಲ್ಲ.

ನಾನು ಮಾಡಬಹುದಾದದ್ದು ಒಂದೇ. ಅಪ್ಪನ ಬೆನ್ನ ಹಿಂದಿನ ಗೋಡೆಯಲ್ಲಿ ಕರೆಂಟಿನ ಬೋರ್ಡು ಇತ್ತು, ಅದರ ಮೇನ್ ಸ್ವಿಚ್ಚಿನ ಮೇಲೆ ಕೈ ಇಟ್ಟು ನಿಂತೆ. ಏನಾದರೂ ಆದರೆ ಇಳಿಸಿಬಿಡಬೇಕು. ಹಳೆಯ ಬೋರ್ಡು, ಮುಚ್ಚಳ ಒಡೆದು ಒಳಗಿನ ತಂತಿ ಕಾಣುತ್ತಿತ್ತು. ಮುಟ್ಟಬಾರದೆಂದು ಗೊತ್ತು. ಮುಟ್ಟದೆ ಏನು ಮಾಡಲಿ?

ಮಷೀನು ಎದ್ದಿತು. ಅಪ್ಪ ಪಕ್ಕಕ್ಕೆ ಸರಿದು ನಿಂತ, ತಳ್ಳುವ ಕೋಲನ್ನು ಕೈಗೆ ಹತ್ತಿರ ಇಟ್ಟುಕೊಂಡ, ಹಲಗೆ ಸಾಗತೊಡಗಿತು. ಹುಡುಗ ಹಿಂದೆ ನಿಂತು "ಮಾವಾರ!" ಎಂದ. ಅಪ್ಪ ಅಲುಗಲಿಲ್ಲ. "ಮಾವಾರ, ಇಲ್ಲಿ ನೋಡ್ರಿ!" ಅಪ್ಪನ ಕುತ್ತಿಗೆ ಕಲ್ಲು. ಹುಡುಗ ಕಬ್ಬಿಣದ ಸಲಾಕೆ ತೆಗೆದು ನೆಲಕ್ಕೆ ಅಪ್ಪಳಿಸಿದ. ಕಲ್ಲು. ಹಲಗೆ ಮುಕ್ಕಾಲು ಸೀಳಿತ್ತು. ಅವನು ಸುತ್ತ ನೋಡಿದ, ಏನು ಸಿಗುತ್ತದೆ ಎಂದು. ಕಣ್ಣು ನನ್ನ ಮೇಲೆ ಬಂದು ನಿಂತಿತು. ಎಷ್ಟೋ ದಿನ ನಾನು ಹಂಬಲಿಸಿದ ನೋಟ ಅದು. ನನ್ನ ಮುಖ ನೋಡಿದ, ಬೋರ್ಡಿನ ಮೇಲಿದ್ದ ನನ್ನ ಕೈ ನೋಡಿದ.

"ಮಾವಾರ! ನಿಮ್ಮ ಮಗಳಿಗೆ ಕರೆಂಟ್ ಹಿಡೀತ್ರೀ! ಸಾಯ್ತಾಳ್ರೀ, ಸಾಯ್ತಾಳ!"

ಅವನ ತಾಯಿ ಕಿಟಾರನೆ ಕಿರುಚಿದಳು. ತಾಟು ಬಿತ್ತು. ಸುಳ್ಳು ಎಂದು ಹೇಳಲೂ ಆಗಲಿಲ್ಲ ನನಗೆ. ನಾನು ಅಪ್ಪನ ಬೆನ್ನನ್ನೇ ನೋಡಿದೆ. ತಿರುಗಬೇಡ ಎಂದು ನನ್ನ ಅರ್ಧ ಜೀವ ಬೇಡುತ್ತಿತ್ತು. ಇನ್ನರ್ಧದ ಮಾತು ಹೇಳಲು ನಾಚಿಕೆಯಿಲ್ಲ ನನಗೆ, ತಿರುಗು ಎನ್ನುತ್ತಿತ್ತು.

ಅಪ್ಪ ತಿರುಗಲಿಲ್ಲ. ಕೋಲು ತೆಗೆದುಕೊಂಡ. ಕೊನೆಯ ಗೇಣನ್ನು ಅದರಿಂದ ತಳ್ಳಿದ. ಎರಡು ಹೋಳು ಬೇರೆಯಾದವು. ಮಷೀನು ಬಂದ್ ಮಾಡಿದ. ಬ್ಲೇಡು ನಿಲ್ಲುವವರೆಗೆ, ಅದರ ಒಂದೊಂದು ಹಲ್ಲು ಬಿಡಿಯಾಗಿ ಕಾಣುವವರೆಗೆ, ಎರಡೂ ಕೈ ಹಿಂದಕ್ಕೆ ಇಟ್ಟುಕೊಂಡು ಕಾದ. ಆಮೇಲೆ ಹೋಳು ಎತ್ತಿ, ಒಂದು ಕಣ್ಣು ಮುಚ್ಚಿ, ಅಂಚು ನೆಟ್ಟಗಿದೆಯೇ ಎಂದು ನೋಡಿದ. ಅದಾದ ಮೇಲೆ ನನ್ನ ಕಡೆ ತಿರುಗಿದ.

"ಗೆದ್ರಿ" ಎಂದ ಹುಡುಗ. ಅವನ ಮುಖ ಬಿಳಚಿಕೊಂಡಿತ್ತು. ಆದರೂ ಮಾತಿಗೆ ತಪ್ಪಲಿಲ್ಲ. "ತಾರೀಖ ತಗಸ್ರಿ. ತಾಳಿ ಕಟ್ಟತೇನಿ."

ತಾಯಿ ಅಳುತ್ತ ನಗುತ್ತ ಚೆಲ್ಲಿದ ಸಕ್ಕರೆಯಲ್ಲಿ ಮೇಲಿನದಷ್ಟನ್ನು ಬಾಚಿ ತಂದಳು. ಅಪ್ಪನ ಬಾಯಿಗೆ ಹಾಕಿದಳು, ಮಗನ ಬಾಯಿಗೆ ಹಾಕಿದಳು, ನನ್ನ ಬಾಯಿಯ ಹತ್ತಿರ ಬೆರಳು ತಂದಳು. ನಾನು ಹಲ್ಲು ಕಚ್ಚಿದೆ.

"ಬಾಯಿ ತಗಿಯವಾ" ಎಂದ ಅಪ್ಪ. ಅವನ ದನಿಯಲ್ಲಿ ಎಷ್ಟು ಸಂತೋಷ! "ನಿನಗ ಬೇಕಾದಂವ ಸಿಕ್ಕ. ನಿನ್ನ ಸಲುವಾಗಿ ಗೆದ್ದೀನಿ."

"ನನಗ ಬ್ಯಾಡ."

"ಏನ್ ಬ್ಯಾಡ?"

"ಅಂವ ನನ್ನ ಕರೆಂಟಿಗೆ ಹಚ್ಚಿದ, ನೀವು ಸುಡ್ಲಾಕ ಬಿಟ್ರಿ. ಇಬ್ಬರ ಮನಿ ಅನ್ನಾನೂ ಬ್ಯಾಡ ನನಗ."

ಅಪ್ಪ ಜೋರಾಗಿ ನಕ್ಕ, ಸಣ್ಣ ಹುಡುಗಿಗೆ ತಿಳಿಹೇಳುವವನಂತೆ ಹತ್ತಿರ ಬಂದ. "ಹುಚ್ಚಿ, ಅದು ಸುಳ್ಳಂತ ನನಗ ಗೊತ್ತಿರಲಿಲ್ಲೇನ? ನೀ ಚೀರಲಿಲ್ಲಲ್ಲ. ನೀ ಚೀರಿದ್ರ ತಿರುಗತಿದ್ದೆ."

"ಕರೆಂಟ್ ಹಿಡದವರಿಗೆ ದನಿ ಬರ್ತದೇನಪ್ಪಾ?"

ಇಬ್ಬರೂ ಮಷೀನಿನ ಮಂದಿ. ತಂತಿ ಹಿಡಿದವನ ಗಂಟಲು ಮೊದಲು ಕಟ್ಟುತ್ತದೆ, ಅವನು ಸದ್ದಿಲ್ಲದೆ ಸಾಯುತ್ತಾನೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಹುಡುಗ ತಲೆ ತಗ್ಗಿಸಿದ. ಅಪ್ಪನ ಬಾಯಿಯಲ್ಲಿ ಸಕ್ಕರೆ ಇತ್ತು, ನುಂಗಲಿಲ್ಲ. ನಾನು ಅವನ ಗಡಿಯಾರವನ್ನು ಮೇಜಿನ ಮೇಲೆ ಇಟ್ಟು ಹೊರಗೆ ಬಂದೆ. ಸ್ಟೇಷನ್ನಿನಲ್ಲಿ ಬೀದರದ ಗಾಡಿ ನಿಂತಿತ್ತು.